ಕನ್ನಡದ ಬಸ್ಸು ಹತ್ತಿದ ನರ್ಸಮ್ಮ

ನರ್ಸಮ್ಮ ಯಾರನ್ನು ಕಂಡರೂ ಕೈ ಹಿಡಿದೇ ಮಾತಾಡಿಸುತ್ತಿದ್ದರು. ಹಿಡಿದ ಕೂಡಲೇ ಅವರ ಎರಡು ಬೆರಳು ತಾವಾಗಿಯೇ ಜಾರಿ ನಮ್ಮ ಮಣಿಕಟ್ಟಿನ ನಾಡಿಯ ಮೇಲೆ ಕೂರುತ್ತಿದ್ದವು. ಜೀವಮಾನವೆಲ್ಲ ಸೋಪಿನಲ್ಲಿ ತೊಳೆದು ತೊಳೆದು ಬಿಳುಚಿಕೊಂಡ ಬೆರಳುಗಳು. "ಆರಾಮ ಇದ್ದೀ ಏನವಾ?" ಎಂದು ಬಾಯಿ ಕೇಳುವಷ್ಟರಲ್ಲಿ ಬೆರಳಿಗೆ ಉತ್ತರ ಸಿಕ್ಕಿರುತ್ತಿತ್ತು.

ಗದಗಿನ ಕಡೆಯ ಒಂದು ಮಿಷನ್ ಆಸ್ಪತ್ರೆಯಲ್ಲಿ ದುಡಿದು ನಿವೃತ್ತರಾದವರು. ಮಗಳಿಗೆ ಮಹಾರಾಷ್ಟ್ರದ ಸಂಭಾಜಿನಗರದಲ್ಲಿ ಕೇಂದ್ರ ಸರ್ಕಾರದ ನೌಕರಿ. ಅವಳ ಜೊತೆ ನಮ್ಮ ಮೇಲಿನ ಮನೆಗೆ ಬಂದಿದ್ದರು. ನಾನು ಬ್ಯಾಂಕಿನವಳು, ಆರು ವರ್ಷ ನಾಶಿಕದಲ್ಲಿದ್ದು ಅದೇ ಊರಿಗೆ ವರ್ಗವಾಗಿ ಬಂದಿದ್ದೆ. ನಮ್ಮಲ್ಲಿ ಶ್ರಾವಣ ಸೋಮವಾರ, ಅವರಲ್ಲಿ ಭಾನುವಾರದ ಪ್ರಾರ್ಥನೆ. ನಡುವೆ ರೊಟ್ಟಿಯ ಡಬ್ಬಿಯೊಂದು ಮೆಟ್ಟಿಲು ಹತ್ತಿ ಇಳಿಯುತ್ತಿತ್ತು. ಅವರು ಪ್ರಾರ್ಥಿಸುವಾಗ ಕಣ್ಣು ಮುಚ್ಚುತ್ತಿರಲಿಲ್ಲ. ಕೇಳಿದರೆ, "ವಾರ್ಡಿನಾಗ ಕಲ್ತಿದ್ದವಾ, ಪೇಷಂಟ್ ಮುಂದಿದ್ದಾಗ ಕಣ್ಣು ಮುಚ್ಚಬಾರದು" ಎನ್ನುತ್ತಿದ್ದರು.

ಒಂದು ಚಳಿಗಾಲ ಅವರ ಊರಿನ ಚರ್ಚಿನ ತಂಡ ಮಿಷನ್ ಪ್ರವಾಸಕ್ಕೆಂದು ನಾಶಿಕಕ್ಕೆ ಬಂತು. ಅದರಲ್ಲಿ ಒಂದು ದಿನ ಪೂರ್ತಿ ಸೇವೆಗೇ ಮೀಸಲು: ನಮ್ಮ ಜಿಲ್ಲೆಯ ಹಳ್ಳಿಯೊಂದರ ಮುದುಕರ ಉಗುರು ಕತ್ತರಿಸಿ, ಒಡೆದ ಪಾದ ತೊಳೆದು ಮುಲಾಮು ಹಚ್ಚಿ, ಸಕ್ಕರೆ ಕಾಯಿಲೆ ಪರೀಕ್ಷಿಸುವುದು. ಹೊಣೆ ನರ್ಸಮ್ಮನದು. "ಮರಾಠಿ ನನಗ ಅಷ್ಟಕ್ಕಷ್ಟ. ನೀ ನನ್ನ ಬಾಯಿ ಆಗು" ಎಂದರು.

ಮುಂಚಿತವಾಗಿ ಹೇಳಿಬರಲು ಇಬ್ಬರೂ ನಮ್ಮ ಜಿಲ್ಲೆಯದೇ ಆದ, ಕನ್ನಡ ಎಂಬ ಹೆಸರಿನ ಊರಿಗೆ ಹೋಗುವ ಸರ್ಕಾರಿ ಬಸ್ಸು ಹತ್ತಿದೆವು. ಬಸ್ಸಿನ ಹಣೆಯ ಮೇಲಿನ ಬೋರ್ಡು ಓದಿ ಅವರಿಗೆ ನಗು ತಡೆಯಲಾಗಲಿಲ್ಲ. "ಬಸ್ ನೋಡಿದ್ರ ಕನ್ನಡದ್ದು, ಒಳಗ ಕನ್ನಡ ಬರೋರು ನಾವಿಬ್ರ!"

ಆ ಊರಿನ ಆಚೆಯ ಹಳ್ಳಿಯ ಸಮಾಜ ಮಂದಿರದಲ್ಲಿ ಸರಪಂಚರು ಜನ ಸೇರಿಸಿದ್ದರು. ಧರ್ಮಪ್ರಚಾರ ಕೂಡದು ಎಂದರು. "ಇಲ್ರೀ, ಉಗುರು ಕತ್ತರಿಸಾಕ ಬರ್ತೀವ್ರಿ" ಎಂದರು ನರ್ಸಮ್ಮ. ಆಮೇಲೆ ಎರಡು ಮಾತು ಹೇಳಿದರು. ಶನಿವಾರ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಬರಬೇಕು. ಸಕ್ಕರೆಯ ಗುಳಿಗೆ ತಿನ್ನುವವರು ಪರೀಕ್ಷೆಯಾಗಿ ಊಟ ಮಾಡುವತನಕ ಗುಳಿಗೆ ತಿನ್ನಬಾರದು. ಮೊದಲನೆಯದನ್ನು ಮರಾಠಿಯಲ್ಲಿ ಹೇಳಿದೆ. ಅಷ್ಟರಲ್ಲಿ ಯಾರೋ ಎಷ್ಟು ಗಂಟೆಗೆ ಎಂದು ಕೇಳಿದರು. ಉತ್ತರಿಸಿದೆ. ಎರಡನೆಯ ಮಾತು ನನ್ನ ಬಾಯಿಯಲ್ಲೇ ಉಳಿಯಿತು.

ಶನಿವಾರ ನಾವಿಬ್ಬರೂ ಎಂಟಕ್ಕೇ ಅಲ್ಲಿದ್ದೆವು. ಪರೀಕ್ಷೆಯ ಸಾಮಾನೆಲ್ಲ ತಂಡದ ಬಳಿ; ಅವರ ಗಾಡಿ ನಾಶಿಕದಿಂದ ಬರುವ ದಾರಿಯಲ್ಲಿ, ಚಾಂದವಡದ ಹತ್ತಿರ, ಈರುಳ್ಳಿ ಟ್ರ್ಯಾಕ್ಟರುಗಳ ಸಾಲಿಗೆ ಸಿಕ್ಕು ಹತ್ತೂವರೆಗೆ ಬಂತು. ಮುದುಕರು ಹಸಿದು ಕೂತಿದ್ದರು. ಬಿಳಿ ಟೋಪಿಯ ಅಜ್ಜನೊಬ್ಬ ತನ್ನ ಸರದಿಗೆಂದು ಎದ್ದವನು ಹಾಗೇ ಗೋಡೆಗೊರಗಿ ಕುಸಿದ. ಮೈಯೆಲ್ಲ ಬೆವರು, ನಾಲಿಗೆ ತೊದಲುತ್ತಿತ್ತು.

"ಕಾಯ್ ದಿಲಂ ತುಮ್ಹೀ?" ಅವನ ಮಗ ನನ್ನ ಮುಂದೆ ಬಂದು ನಿಂತ. ಏನು ಕೊಟ್ಟಿರಿ ನಮ್ಮಪ್ಪನಿಗೆ? ನಾವಿನ್ನೂ ಏನೂ ಕೊಟ್ಟಿರಲಿಲ್ಲ. ನಾವು ಹೊರಗೆ ಹೋಗದಂತೆ ಯಾರೋ ಬಾಗಿಲು ಎಳೆದು ಮುಚ್ಚಿದರು, ನಾಲ್ಕಾರು ಮೊಬೈಲುಗಳು ಮೇಲೆದ್ದವು. ತಂಡದ ಹುಡುಗಿಯರು ಕತ್ತರಿ ಹಿಡಿದಂತೆಯೇ ಕಲ್ಲಾದರು.

ನರ್ಸಮ್ಮ ಅದಾವುದನ್ನೂ ನೋಡಲಿಲ್ಲ. ಬೆರಳಿಗೆ ಸೂಜಿ ಚುಚ್ಚಿ, ಯಂತ್ರ ನೋಡಿ, "ಸಕ್ಕರಿ ಇಳದೈತಿ! ಸಕ್ಕರಿ ನೀರು ತರ್ರಿ, ಲಗೂ!" ಎಂದು ಕೂಗಿದರು. ಅಜ್ಜನ ತಲೆಯನ್ನು ತಮ್ಮ ತೋಳಿಗೆ ಒರಗಿಸಿಕೊಂಡು, ಮೊದಲು ಒಂದು ಹನಿ ಕೊಟ್ಟು ನುಂಗುತ್ತಾನೆಯೇ ಎಂದು ಗಂಟಲು ನೋಡಿ, ಆಮೇಲೆ ಗುಟುಕು ಗುಟುಕಾಗಿ ಕುಡಿಸಿದರು. ಹತ್ತು ನಿಮಿಷ ಆಯಿತೋ ಏನೋ. ಅಜ್ಜ ಕಣ್ಣು ತೆರೆದು, "ಆಣಖೀ" ಎಂದ. ಇನ್ನೂ ಬೇಕಂತೆ! ಅವನ ಹೆಂಡತಿ ಸೆರಗು ಬಾಯಿಗೊತ್ತಿಕೊಂಡು ಅತ್ತಳು.

"ಮುಂಜಾನೆ ಗುಳಿಗಿ ತಗೊಂಡಾನೇನು, ಕೇಳು" ಎಂದರು ನರ್ಸಮ್ಮ. ಎಂದಿನಂತೆ ತೆಗೆದುಕೊಂಡಿದ್ದ.

"ನಾ ಆ ಮಾತು ಹೇಳ್ಲೇ ಇಲ್ರೀ" ಎಂದೆ.

ಅವರು ನನ್ನನ್ನೊಮ್ಮೆ ನೋಡಿ ಎದ್ದು ನಿಂತರು. ನನ್ನ ಬಾಯಿಗೆ ಕಾಯದೆ ತಮ್ಮ ಹರಕು ಮರಾಠಿಯಲ್ಲೇ ಕೈಮುಗಿದು ಎಲ್ಲರಿಗೂ ಹೇಳಿದರು: "ಚೂಕ್ ಆಮಚೀ. ಗೋಳೀ ಖಾಊ ನಕಾ, ಅಸಂ ಸಾಂಗಾಯಚಂ ಹೋತಂ. ಸಾಂಗಿತಲಂ ನಾಹೀ." ತಪ್ಪು ನಮ್ಮದು, ಗುಳಿಗೆ ತಿನ್ನಬೇಡಿ ಎಂದು ಹೇಳಬೇಕಿತ್ತು, ಹೇಳಲಿಲ್ಲ.

ಜನ ಮುಖ ಮುಖ ನೋಡಿಕೊಂಡರು. ಮೊಬೈಲುಗಳು ಒಂದೊಂದಾಗಿ ಕೆಳಗಿಳಿದವು. ಗುಳಿಗೆಯ ಜೋರಿಗೆ ಸಕ್ಕರೆ ಮತ್ತೆ ಇಳಿದೀತು ಎಂದು ನರ್ಸಮ್ಮ ಅಜ್ಜನನ್ನು ತಂಡದ ಗಾಡಿಯಲ್ಲೇ ತಾಲೂಕಿನ ಆಸ್ಪತ್ರೆಗೆ ಕರೆದೊಯ್ದರು. ಸಂಜೆ ಅವನು ತನ್ನ ಕಾಲ ಮೇಲೆ ಗಾಡಿಯಿಂದ ಇಳಿದ. ಅಷ್ಟೊತ್ತಿಗೆ ಹುಡುಗಿಯರು ಊರಿನ ಅಷ್ಟೂ ಮುದುಕರ ಉಗುರು ಕತ್ತರಿಸಿದ್ದರು. ಅಜ್ಜನ ಮಗನೇ ಅವರಿಗೆ ಬಿಸಿನೀರು ಹೊತ್ತು ತಂದಿದ್ದ.

ಮರಳುವ ಬಸ್ಸಿನಲ್ಲಿ ಕೇಳಿದೆ. "ತಪ್ಪು ನಂದು. ನೀವ್ಯಾಕ ನಮ್ಮದು ಅಂದ್ರಿ?"

ನರ್ಸಮ್ಮ ನನ್ನ ಕೈ ಹಿಡಿದುಕೊಂಡರು. "ಹೊಸದಾಗಿ ಡ್ಯೂಟಿಗೆ ಸೇರಿದಾಗ ಒಂದು ಇಂಜೆಕ್ಷನ್ ತಪ್ಪು ಕೊಟ್ಟಿದ್ದೆ. ಪೇಷಂಟ್ ಉಳದ. ಆದ್ರ ಬೈಗುಳ, ಮೆಮೊ ಎಲ್ಲಾ ನನ್ನ ಜೋಡಿ ಇದ್ದಾಕಿ ಮ್ಯಾಲ ಬಿತ್ತು. ಆಕಿ ಕೆಲಸ ಬಿಟ್ಟು ಹೋದ್ಲು. ನಾ ಸುಮ್ಮನ ನಿಂತಿದ್ದೆ."

ಮುಂದಿನ ವಾರ ನಾನೊಬ್ಬಳೇ ಆ ಹಳ್ಳಿಗೆ ಹೋಗಿ, ಹೇಳಲು ಮರೆತವಳು ನಾನೇ ಎಂದು ಅಜ್ಜನಿಗೆ ಹೇಳಿದೆ. ಅವನು ಹೆಂಡತಿಗೆ ಕೇಳಿಸದಂತೆ ಮರಾಠಿಯಲ್ಲಿ ಪಿಸುಗುಟ್ಟಿದ: "ಇರಲಿ ಬಿಡು ಮಗಳೇ. ಆ ದಿನ ಎರಡು ಲೋಟ ಸಕ್ಕರೆ ನೀರು ಕುಡಿದೆ. ಇವಳು ವರ್ಷಗಳಿಂದ ಒಂದು ಚಮಚವೂ ಕೊಟ್ಟಿರಲಿಲ್ಲ!" ನಗುತ್ತ ನಗುತ್ತ ನನಗೆ ಅಳು ಬಂತು. ಎದೆಯಿಂದ ಕಲ್ಲು ಇಳಿದಂತಾಯಿತು.

ಬಂದು ನರ್ಸಮ್ಮನಿಗೆ ಹೇಳಿದೆ. "ಛಲೋ ಮಾಡಿದಿ" ಎಂದರು. ಆ ತಿಂಗಳಲ್ಲೇ, "ಒಂದು ಕೆಲಸ ಉಳದೈತಿ" ಎಂದು ಒಬ್ಬರೇ ಗದಗಿನ ರೈಲು ಹತ್ತಿದರು. ಏನು ಕೆಲಸ ಎಂದು ಬಂದ ಮೇಲೂ ಹೇಳಲಿಲ್ಲ.

ಕಳೆದ ಬೇಸಿಗೆಯಲ್ಲಿ ನರ್ಸಮ್ಮ ತೀರಿಕೊಂಡರು. ಮಣ್ಣಿಗೆಂದು ಗದಗಿಗೆ ಹೋಗಿದ್ದೆ. ಯಾರೋ ವಯಸ್ಸಾದ ಹೆಂಗಸು ಅವರಿಗೆ ಬಿಳಿ ಸೀರೆ ಉಡಿಸಿ, ನೆರಿಗೆಗಳನ್ನು ಒಂದೊಂದಾಗಿ ಒಪ್ಪ ಮಾಡುತ್ತಿದ್ದರು. ಬೇರೆ ಯಾರನ್ನೂ ಮುಟ್ಟಲು ಬಿಡಲಿಲ್ಲ. ತಂಗಿಯೇ ಎಂದು ಮಗಳನ್ನು ಕೇಳಿದೆ.

"ಅಲ್ರೀ. ಅವ್ವನ ಜೋಡಿ ನರ್ಸ್ ಇದ್ರಂತ. ಎರಡು ವರ್ಷದ ಹಿಂದ ಅವ್ವ ಇವರನ್ನ ಹುಡುಕ್ಕೊಂಡು ಹೋಗಿದ್ಲು. ಅವತ್ತಿಂದ ಇಬ್ರೂ ದಿನಾ ಫೋನಿನಾಗ ಮಾತಾಡ್ತಿದ್ರು."