ಅತ್ತೆಯ ಎಡಗಣ್ಣು

ಸತ್ತವರ ಕಣ್ಣು ತೆರೆಸುವುದನ್ನು ನಾನು ಕಲಿತದ್ದು ಮೊಬೈಲಿನಲ್ಲಿ, ಯಾರೋ ಒಬ್ಬ ಹಿಂದಿಯವನ ವಿಡಿಯೊ ನೋಡಿ. ಅವನು ಕಲಿಸಿದ್ದು ಬೇರೆ ಕೆಲಸಕ್ಕೆ. ಮದುವೆಯ ಗ್ರೂಪ್ ಫೋಟೋದಲ್ಲಿ ಹುಡುಗನ ಮಾವ ಕಣ್ಣು ಮಿಟುಕಿಸಿಬಿಟ್ಟಿದ್ದಾನೆ ಅನ್ನಿ, ಮುಂದಿನ ಫೋಟೋದಿಂದ ಅವನದೇ ಕಣ್ಣು ತಂದು ಅಲ್ಲಿ ಕೂಡಿಸುವುದು. ಅದನ್ನೇ ಹೆಣಕ್ಕೂ ಮಾಡಬಹುದು ಅಂತ ಅವನಿಗೆ ಹೊಳೆದಿರಲಿಕ್ಕಿಲ್ಲ.

ನನಗೆ ಹೊಳೆಯಲೇಬೇಕಾಯಿತು. ತಾವರಗೇರಾದ ಬಜಾರಿನಲ್ಲಿ ನನ್ನದೊಂದು ಸಣ್ಣ ಸ್ಟುಡಿಯೊ ಇದೆ. ಹಿಂದೆ ನೀಲಿ ಪರದೆ, ಎರಡು ಲೈಟು, ಒಂದು ಹಳೆಯ ಕಂಪ್ಯೂಟರು, ಸೆಕೆಂಡ್‌ಹ್ಯಾಂಡ್ ಕ್ಯಾಮೆರಾ. ಯಾರೂ ಕಲಿಸಿದ್ದಲ್ಲ, ಒತ್ತುತ್ತ ಒತ್ತುತ್ತ ಕಲಿತೆ. ಶುರುವಿನಲ್ಲಿ ಪಾಸ್‌ಪೋರ್ಟ್ ಫೋಟೋ ಇತ್ತು. ಆಮೇಲೆ ಯಾವ ಕಚೇರಿಗೆ ಹೋದರೂ ಅವರೇ ಕಂಪ್ಯೂಟರ್ ಮುಂದೆ ಕೂಡಿಸಿ ಫೋಟೋ ತೆಗೆಯತೊಡಗಿದರು. ಮದುವೆಗಳಿಗೆ ಗಂಗಾವತಿಯಿಂದ ಡ್ರೋನ್ ಹಾರಿಸುವ ತಂಡಗಳು ಬಂದವು. ಮದುಮಕ್ಕಳನ್ನು ವಿರೂಪಾಪುರಗಡ್ಡೆಯ ಭತ್ತದ ಗದ್ದೆಗೆ ಕರೆದೊಯ್ದು, ಬದುವಿನ ಮೇಲೆ ಓಡಿಸಿ, ವಿಡಿಯೊ ಮಾಡಿ ಕೊಡುತ್ತಿದ್ದರು. ನನ್ನ ಎರಡು ಲೈಟು ಯಾರಿಗೆ ಬೇಕು? ಅಷ್ಟರಲ್ಲಿ ಲಾಕ್‌ಡೌನ್ ಬಂತು. ಮದುವೆ ನಿಂತವು, ಸಾವು ನಿಲ್ಲಲಿಲ್ಲ.

ಆಗ ಜನ ವಾಟ್ಸಾಪಿನಲ್ಲಿ ಚಿಕ್ಕ ಚಿಕ್ಕ ಮುಖಗಳನ್ನು ಕಳಿಸಿದರು. ಯಾವುದೋ ಮದುವೆಯ ಊಟದ ಪಂಕ್ತಿಯಲ್ಲಿ ಕೂತ ಅಜ್ಜ, ಟ್ರ್ಯಾಕ್ಟರ್ ಹಿಂದೆ ನಿಂತ ಕಾಕಾ. ಅವರನ್ನು ಅಲ್ಲಿಂದ ಕತ್ತರಿಸಿ, ಹೆಗಲ ಮೇಲಿನ ಬೇರೆಯವರ ಕೈ ಅಳಿಸಿ, ಬಿಳಿ ಅಂಗಿ ತೊಡಿಸಿ, ಹಿಂದೆ ಮೋಡ ಹಾಕಿ ದೊಡ್ಡ ಫ್ರೇಮು ಮಾಡಿ ಕೊಟ್ಟೆ. ಕೆಲಸ ಬಂತು. ಆಮೇಲೆ ಫೋಟೋನೇ ಇಲ್ಲದವರ ಮನೆಗಳಿಂದ ಕರೆ ಬರತೊಡಗಿದವು. ನಮ್ಮ ಕಡೆ ಬಹಳ ಮನೆಗಳಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಗೋಡೆಗೆ ಆನಿಸಿ ಕೂಡಿಸುತ್ತಾರೆ. ಮೀಯಿಸಿ, ಹಣೆ ತುಂಬ ವಿಭೂತಿ ಹಚ್ಚಿ, ಹೂವು ಹಾಕಿ, ತಲೆ ಬಾಗದ ಹಾಗೆ ಬಟ್ಟೆ ಕಟ್ಟಿ ಕೂಡಿಸಿದರೆ, ದೂರದಿಂದ ನೋಡುವವರಿಗೆ ಪೂಜೆಗೆ ಕೂತ ಹಾಗೇ. ಫೋಟೋಕ್ಕೆ ಇದಕ್ಕಿಂತ ಒಳ್ಳೆಯ ಭಂಗಿ ಸಿಗುವುದಿಲ್ಲ. ಕಣ್ಣು ಮಾತ್ರ ಮುಚ್ಚಿರುತ್ತವೆ.

ಎದುರಿನ ಚಹಾದಂಗಡಿಯ ಕಾಕಾ ನನ್ನನ್ನು ಕಾಡದ ದಿನವಿಲ್ಲ.

"ಏನ್ ತಂಗಿ, ಇವತ್ತಿನ ಗಿರಾಕಿ ನಕ್ಕಿತೋ ಇಲ್ಲೋ?"

"ನಗಲಿಲ್ಲ ಕಾಕಾ. ಆದ್ರ ಒಟ್ಟ ಅಲುಗಾಡಲಿಲ್ಲ, ಫೋಟೋ ಭಾಳ ಶಾರ್ಪ್ ಬಂದೈತಿ."

ಕಣ್ಣು ತೆರೆಸುವುದಕ್ಕೆ ನನ್ನದೊಂದು ಪದ್ಧತಿ ಇತ್ತು. ಕಂಡಕಂಡವರ ಕಣ್ಣು ಹಾಕುತ್ತಿರಲಿಲ್ಲ. ರಕ್ತ ಸಂಬಂಧದವರಲ್ಲಿ ಮುಖ ಹೋಲುವವರು ಯಾರು ಅಂತ ಕೇಳಿ, ಅವರನ್ನು ಅದೇ ಬೆಳಕಿನಲ್ಲಿ, ಅದೇ ಎತ್ತರಕ್ಕೆ ಕೂಡಿಸಿ ಒಂದು ಫೋಟೋ ತೆಗೆದುಕೊಳ್ಳುತ್ತಿದ್ದೆ. ಅವರ ಕಣ್ಣು ಸತ್ತವರ ರೆಪ್ಪೆಯ ಮೇಲೆ ಅಚ್ಚುಕಟ್ಟಾಗಿ ಕೂರುತ್ತಿತ್ತು. ಮನೆಯವರಿಗೆ "ಹೋಲಿಕೆಗೆ ಒಂದು ಫೋಟೋ ಬೇಕ್ರಿ" ಅನ್ನುತ್ತಿದ್ದೆ. ಯಾರೂ ಹೆಚ್ಚು ಕೇಳುತ್ತಿರಲಿಲ್ಲ.

ಹೀಗೇ ಒಂದು ದಿನ ಹತ್ತಿರದ ಹಳ್ಳಿಯಿಂದ ಕರೆ ಬಂತು. ಒಬ್ಬ ವಯಸ್ಸಾದ ಅಮ್ಮ ತೀರಿಕೊಂಡಿದ್ದಳು. ಜೀವ ಇರುವಾಗ ಯಾರು ಫೋನು ಎತ್ತಿದರೂ ಮುಖಕ್ಕೆ ಸೆರಗು ಎಳೆದುಕೊಳ್ಳುತ್ತಿದ್ದಳಂತೆ. ಇದ್ದದ್ದು ಆಧಾರ್ ಕಾರ್ಡಿನ ಒಂದು ಜೆರಾಕ್ಸ್, ಅದರಲ್ಲಿ ಮುಖವೆಲ್ಲ ಮಸಿ. ನಾನು ಹೋದಾಗ ಭಜನೆ ನಡೆದಿತ್ತು. ಬಾಗಿಲಿಗೆ ಎದುರಾಗಿ ಅಮ್ಮನನ್ನು ಕೂಡಿಸಿದ್ದರು. ಬಾಗಿಲಿನಿಂದ ಒಳ್ಳೆಯ ಬೆಳಕು. ಅವಳ ಎಡಗಣ್ಣಿನ ರೆಪ್ಪೆ ಸ್ವಲ್ಪ ಒಳಗೆ ಹೋದಂತಿತ್ತು. ನಾನು ಅದನ್ನು ನೆರಳು ಅಂದುಕೊಂಡೆ.

"ಹೋಲಿಕಿ ಯಾರಿಗೈತ್ರಿ?" ಅಂದೆ.

"ಮಗಂದು ತಾಯಿ ಮಾರೀನ ಐತಿ, ಮತ್ಯಾರ್ನ ಕೇಳ್ತಿ?" ಅಂದಳೊಬ್ಬ ಮುದುಕಿ.

ಒಬ್ಬನೇ ಮಗ. ಭತ್ತ ಕೊಯ್ಯುವ ಯಂತ್ರದ ಡ್ರೈವರು, ಸುಗ್ಗಿಯಲ್ಲಿ ಗಂಗಾವತಿ ಕಡೆಯೇ ಇರುವವನು. ಅತ್ತು ಅತ್ತು ಕೆಂಪಾದ ಮುಖ ತೊಳೆದುಕೊಂಡು ಬಂದು, ತಾಯಿಯ ಪಕ್ಕದಲ್ಲಿ ಕೂತ. ನಾನು ಬಾಗಿಲಲ್ಲಿ ನಿಂತು ಕ್ಲಿಕ್ ಮಾಡಿದೆ. ಹೊರಡುವಾಗ ಅವನು ನನ್ನ ಹಿಂದೆಯೇ ಅಂಗಳಕ್ಕೆ ಬಂದ.

"ತಂಗಿ, ಎರಡೂ ಕಣ್ಣು ಛಲೋತ್ನಂಗ ತಗಸ್ರಿ. ಎರಡೂ."

ಎಲ್ಲರೂ ಹೇಳುವುದು ಅದನ್ನೇ. ತಲೆಯಾಡಿಸಿದೆ.

ಸತ್ತವರ ಹೆಸರಿನಲ್ಲಿ ಊಟ ಹಾಕುವ ಶಿವಗಣಾರಾಧನೆಯ ದಿನ ಫ್ರೇಮು ಒಯ್ದು ಕೊಟ್ಟೆ. ಅಲ್ಲಿಯವರೆಗೆ ನಾನು ಮಾಡಿದ್ದರಲ್ಲೇ ಅದು ಚೆನ್ನಾಗಿ ಬಂದದ್ದು, ಒಳಗೊಳಗೇ ಉಬ್ಬಿದ್ದೆ. ಗೋಡೆಗೆ ಹಾಕಿದ ಕೂಡಲೇ ಅಡುಗೆಯ ಹೆಂಗಸರ ಮಾತು ನಿಂತಿತು. ಆ ಮುದುಕಿ ಬಲಕ್ಕೆ ನಿಂತು ನೋಡಿದಳು, ಎಡಕ್ಕೆ ಹೋಗಿ ನೋಡಿದಳು.

"ಎಲ್ಲಿ ನಿಂತ್ರೂ ನೋಡಾಕತ್ತಾಳಲ್ಲ ಈಕಿ! ಯಾರವಾ ಇದು?"

"ನಿನ್ನ ಗೆಳತಿ ಅಲ್ಲೇನ ಆಯಿ, ಕರದ ನೋಡು, ಓ ಅಂತಾಳ," ಅಂದರು ಯಾರೋ. ಯಾರೂ ನಗಲಿಲ್ಲ. ನಾನು ಅದನ್ನು ಹೊಗಳಿಕೆ ಅಂದುಕೊಂಡೆ, ಖಂಡಿತ. ಎಲ್ಲಿ ನಿಂತರೂ ನೋಡುವ ಫೋಟೋ ಅಂದರೆ ಕಡಿಮೆಯೇ? ಮಗನಂತೂ ಫೋಟೋದ ಮುಂದಿನಿಂದ ಏಳಲೇ ಇಲ್ಲ. ಅವನ ಹೆಂಡತಿ ಮಾತ್ರ ಒಳಗಿನ ಕೋಣೆಯಿಂದ ಹೊರಗೆ ಬರಲಿಲ್ಲ.

ಅವಳು ಬಂದದ್ದು ನನ್ನ ಅಂಗಡಿಗೆ, ಕೆಲವು ದಿನ ಬಿಟ್ಟು, ಸಂತೆಯ ಚೀಲ ಹಿಡಿದುಕೊಂಡು.

"ಬರ್ರಿ ಅಕ್ಕಾ. ಯಾಕ, ಫೋಟೋ ಒಡೀತೇನ್ರಿ?"

"ಒಡದಿದ್ರ ಛಲೋ ಇತ್ತು," ಅಂದಳು.

ಕೂಡಿಸಿ ನೀರು ಕೊಟ್ಟೆ. ಅವಳು ನೀರು ಕುಡಿಯದೆ ಲೋಟವನ್ನೇ ತಿರುಗಿಸುತ್ತ ಹೇಳಿದಳು. "ನಮ್ಮತ್ತಿಗೆ ಎಡಗಣ್ಣು ಇರಲಿಲ್ಲ್ರಿ. ಹೊಲದಾಗ ಕೊಯ್ದು ಉಳಿದ ಜ್ವಾಳದ ಕೂಳಿ ಚುಚ್ಚಿ ಹೋಗಿತ್ತಂತ, ನಮ್ಮನೆಯವ್ರು ಸಣ್ಣಾವ್ರಿದ್ದಾಗನ. ಅದಕ್ಕ ಆಕಿ ಫೋಟೋಕ್ಕ ನಿಂದರತಿರಲಿಲ್ಲ. ನಾ ಆ ಮನೀಗೆ ಬಂದಾಗಿಂದ ಆಕಿ ಎಡಕ್ಕ ಕುಂತು ರೊಟ್ಟಿ ಬಡದೀನಿ. ತವರು ನೆಪ್ಪಾಗಿ ಅಳು ಬಂದ್ರ ಆ ಕಡಿನ ಅಳ್ತಿದ್ದೆ. ಆಕಿಗೆ ಕಾಣತಿರಲಿಲ್ಲ. ಈಗ ಆ ಕಡಿನ ಇಲ್ಲದಂಗ ಆಗೇತಿ. ಯಾವ ಮೂಲ್ಯಾಗ ಕುಂತ್ರೂ ನೋಡತಾಳ."

ಎಡಗಣ್ಣಿನ ಆ ನೆರಳು ನೆನಪಾಯಿತು.

"ಟವೆಲ್ ಮುಚ್ಚಿ ನೋಡಿದ್ರೇನು?"

"ಮುಚ್ಚಿದೆ. ಮುಚ್ಚಿದ್ರ ಇನ್ನೂ ಜಾಸ್ತಿ ನೋಡತೈತಿ." ಲೋಟ ಕೆಳಗಿಟ್ಟಳು. "ತಂಗಿ, ಒಂದ ಮಾತು ಖರೇ ಹೇಳ್ರಿ. ಅವು ಯಾರ ಕಣ್ಣು?"

ಸುಳ್ಳು ಹೇಳಬಹುದಿತ್ತು. ಅವಳು ಬಿಡಲಿಲ್ಲ.

"ನಂಗೊತ್ತೈತಿ. ಇಷ್ಟ ವರ್ಷ ನೋಡೀನಿ ಆ ಕಣ್ಣ. ನಮ್ಮನೆಯವ್ರು ಮಷೀನ್ ತಗೊಂಡು ಗಂಗಾವತಿ ಕಡಿ ಹೋಗ್ಯಾರ, ಕಣ್ಣು ಮನ್ಯಾಗ ಬಿಟ್ಟು ಹೋಗ್ಯಾರ. ದಿನಾ ವಿಡಿಯೊ ಕಾಲ್ ಮಾಡ್ತಾರ, ಅವ್ವನ್ನ ತೋರಸು ಅಂತ. ನಾ ಫೋನು ಎತ್ತಿ ಗ್ವಾಡಿಗೆ ಹಿಡೀತೀನಿ. ಫೋನಿನ್ಯಾಗ ಅವ ಕಣ್ಣು, ಗ್ವಾಡಿ ಮ್ಯಾಲೂ ಅವ. ನಡುವ ನಾನು. ಆ ಮನ್ಯಾಗ ಒಬ್ಬಾಕಿನ ಹೆಂಗ ಇರಲ್ರಿ? ಎಡಗಣ್ಣು ಮೊದ್ಲ ಹೆಂಗಿತ್ತೋ ಹಂಗ ಮಾಡಿಕೊಡ್ರಿ."

"ಅಣ್ಣಾರು ಒಪ್ತಾರೇನು?"

"ಒಪ್ಪಂಗಿಲ್ಲ. ಅದಕ್ಕ ನಿಮ್ಮ ಹಂತ್ಯಾಕ ಬಂದೀನಿ."

ಅವತ್ತೇ ಮಧ್ಯಾಹ್ನ ಅವಳ ಜೊತೆ ಹೋದೆ. ಬಿಸಿಲಿಗೆ ಓಣಿಯಲ್ಲಿ ಒಂದು ನಾಯಿಯೂ ಇರಲಿಲ್ಲ. ಅವಳು ಚಹಾಕ್ಕೆ ಇಡಲು ಒಳಗೆ ಹೋದಾಗ ಆ ಪಡಸಾಲೆಯಲ್ಲಿ ನಾನು, ಗೋಡೆಯ ಮೇಲೆ ಆ ಅಮ್ಮ. ಕ್ಯಾಮೆರಾವನ್ನು ನೇರ ನೋಡಿದ ಕಣ್ಣು ಎತ್ತ ಹೋದರೂ ನೋಡಿದ ಹಾಗೇ ಕಾಣುತ್ತದೆ, ಅದರಲ್ಲಿ ಮಾಟವಿಲ್ಲ, ನನಗೆ ಗೊತ್ತು. ಗೊತ್ತಿದ್ದೂ ಕಂಬದ ಹಿಂದೆ ಸರಿದು ನಿಂತೆ. ಆಮೇಲೆ ಧೈರ್ಯ ಮಾಡಿ ಫ್ರೇಮಿನ ಹತ್ತಿರ ಹೋದೆ. ಮೂಗು ಗಾಜಿಗೆ ತಾಗುವಷ್ಟು ಹತ್ತಿರ. ಪಾಪೆಯೊಳಗೆ ಬೆಳಕಿನ ಒಂದು ಚೌಕ ಇತ್ತು. ಈ ಮನೆಯ ಬಾಗಿಲು. ಅದರ ನಡುವೆ ಕಪ್ಪಗೆ, ಮೊಣಕೈ ಎರಡೂ ಎತ್ತಿ, ಒಂದು ಆಕೃತಿ ನಿಂತಿತ್ತು. ಕ್ಯಾಮೆರಾ ಹಿಡಿದ ನಾನು. ಎರಡು ಕಣ್ಣಿನಲ್ಲೂ ನಾನು. ಕಂಪ್ಯೂಟರಿನ ಮುಂದೆ ಕೂತು ಎಷ್ಟು ಹೊತ್ತು ಅದೇ ಕಣ್ಣುಗಳನ್ನು ತಿದ್ದಿದ್ದೆ, ನನ್ನನ್ನು ನಾನು ನೋಡಿಕೊಂಡಿರಲಿಲ್ಲ. ನಾನು ಅಲ್ಲಿಂದ ಹಿಂದೆ ಸರಿದೆ, ಕಾಲಿಗೆ ಚೊಂಬು ತಾಗಿ ಉರುಳಿತು.

ಒಳಗೆ ಫೋನು ಹೊಡೆದುಕೊಂಡಿತು. ಅವಳು ಅದನ್ನು ತಂದು ನನ್ನ ಕೈಗೇ ಕೊಟ್ಟುಬಿಟ್ಟಳು.

ವಿಡಿಯೊ ಕಾಲಿನಲ್ಲಿ ಮಗ, ಯಂತ್ರದ ನೆರಳಿನಲ್ಲಿ ಕೂತಿದ್ದ. ಹಿಂದೆ ಕೊಯ್ದ ಗದ್ದೆ, ಮುಖದ ತುಂಬ ಹೊಟ್ಟು. ನನ್ನನ್ನು ನೋಡಿ ಅರಳಿದ.

"ತಂಗಿ! ನೀವ್ಯಾವಾಗ ಬಂದ್ರಿ? ಇಲ್ಲಿ ಎಲ್ಲಾರಿಗೂ ತೋರ್ಸೀನಿ ನೀವು ಮಾಡಿದ ಫೋಟೋ. ಒಬ್ಬವ ತನ್ನ ಅಪ್ಪಂದೂ ಮಾಡ್ಸೋಣು ಅಂದಾನ."

"ಅಣ್ಣಾ, ಆ ಎಡಗಣ್ಣು..."

"ಅದನ್ನ ಹೇಳೂದು ನಾನು!" ಅಂದ. ಮುಖವನ್ನು ಫೋನಿಗೆ ಹತ್ತಿರ ತಂದ. "ಡಾಕ್ಟರ್ ಕಣ್ಣು ಪೂರಾ ಹೋಗೇತಿ ಅಂದಿದ್ದ, ಸುಳ್ಳ ಹೇಳಿದ್ದ ಮಗ. ರೆಪ್ಪಿ ಒಳಗ ಕಣ್ಣು ಹಂಗ ಇತ್ತಲ್ಲ. ಸ್ಕ್ಯಾನಿಂಗ್‌ದಾಗ ಹೊಟ್ಟ್ಯಾಗಿಂದು ಕಂಡಂಗ ನಿಮ್ಮ ಕಂಪ್ಯೂಟರ್‌ದಾಗ ಕಂಡೈತಿ. ಅದಕ್ಕ ಎರಡೂ ತಗಸ್ರಿ ಅಂದೆ. ಆಕಿ ಎರಡೂ ಕಣ್ಣಿಲೆ ನನ್ನ ನೋಡಿದ್ದು ನಾ ಸಣ್ಣಾವಿದ್ದಾಗ."

ಒಲೆಯ ಮೇಲೆ ಚಹಾ ಉಕ್ಕುವ ಸದ್ದು ಬರುತ್ತಿತ್ತು. ಅವಳು ನನ್ನ ಪಕ್ಕದಿಂದ ಕದಲಲಿಲ್ಲ. ನಾನು ಸುಮ್ಮನಿದ್ದರೆ ಅವನಿಗೆ ತಾಯಿಯ ಕಣ್ಣು ಉಳಿಯುತ್ತಿತ್ತು, ಅವಳಿಗೆ ಆ ಮನೆ ಹೋಗುತ್ತಿತ್ತು.

"ಅಣ್ಣಾ, ಕಂಪ್ಯೂಟರಿಗೆ ರೆಪ್ಪಿ ಒಳಗಿಂದು ಕಾಣಂಗಿಲ್ರಿ. ಹೋಲಿಕಿಗೆ ಅಂತ ನಿಮ್ಮ ಫೋಟೋ ತಗದಿದ್ದೆನಲ್ಲ? ಅವು ನಿಮ್ಮ ಕಣ್ಣು. ನಾನ ತಂದು ಹಚ್ಚಿದ್ದು."

ಅವನು ಫೋನನ್ನು ಮುಖದಿಂದ ದೂರ ಹಿಡಿದ. ಪರದೆಯ ಮೂಲೆಯಲ್ಲಿ ಅವನದೇ ಸಣ್ಣ ಚಿತ್ರ ಇರುತ್ತದಲ್ಲ, ಅದನ್ನೇ ನೋಡಿದನೇನೋ. ಲೈನ್ ಕಟ್ಟಾಯಿತೋ ಅಂತ ನಾನು ಹಲೋ ಅಂದೆ.

"ದಿನಾ ಕೇಳ್ತಿದ್ದೆ, ಯವ್ವಾ, ಸೊರಗೀನೇನು ನೋಡು ಅಂತ," ಅಂದ. "ಯಾರಿಗೆ ಕೇಳ್ತಿದ್ನೋ."

ಮುಖದ ಹೊಟ್ಟನ್ನು ತೋಳಿನಿಂದ ಒರೆಸಿಕೊಂಡ. ಆಮೇಲೆ, "ಆಕಿ ಅದಾಳೇನು ಅಲ್ಲಿ?"

ಹೆಂಡತಿ ಫೋನಿನೊಳಗೆ ಬಗ್ಗಿದಳು.

"ನೀ ಹೋಗಿ ಮಾಡಸ್ಕೊಂಡು ಬಾ. ಆ ಕಣ್ಣಿಗೆ ಇಷ್ಟ ವರ್ಷ ಔಷಧ ಹಾಕ್ದಾಕಿ ನೀನು. ನನಗ ಸರಿಯಾಗಿ ನೆಪ್ಪಿಲ್ಲ ಅದು ಹೆಂಗಿತ್ತಂತ." ಫೋನು ಇಟ್ಟ.

ಮರುದಿನ ಬೆಳಿಗ್ಗೆ ಫ್ರೇಮನ್ನು ಸೀರೆಯಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಬಂದಳು. ಅವಳನ್ನು ಕಂಪ್ಯೂಟರಿನ ಮುಂದೆ, ನನ್ನ ಪಕ್ಕದ ಕುರ್ಚಿಯಲ್ಲಿ ಕೂಡಿಸಿಕೊಂಡೆ. ಆ ಎಡಗಣ್ಣಿನ ಫೋಟೋ ಲೋಕದಲ್ಲಿ ಎಲ್ಲೂ ಇಲ್ಲ, ಇದ್ದದ್ದು ಅವಳ ತಲೆಯಲ್ಲಿ. ಮೊದಲು ನಾಚಿಕೊಂಡು ಹೇಳುತ್ತಿದ್ದವಳು ಆಮೇಲೆ ಕಂಪ್ಯೂಟರಿನ ಗಾಜಿನ ಮೇಲೆ ಬೆರಳಿಟ್ಟೇ ತೋರಿಸತೊಡಗಿದಳು.

"ಪೂರಾ ಮುಚ್ಚಬ್ಯಾಡ್ರಿ, ಪೂರಾ ಮುಚ್ಚತಿರಲಿಲ್ಲ ಅದು. ಒಂದ ಎಳಿ ತೆರದಿರ್ತಿತ್ತು. ಒಳಗ ಬೆಳ್ಳಗ, ಮಜ್ಜಿಗಿ ನೀರಿನಂಗ."

"ಹಿಂಗ?"

"ಕಡಿಮಿ ಮಾಡ್ರಿ. ಹಾಂ. ಹುಬ್ಬು ಈ ಕಡಿ ಇಳೀಲಿ. ಒಂದ ಕಣ್ಣಿಲೆ ನೋಡಾಕ ಎತ್ತಿ ಎತ್ತಿ ಬಲಗಡಿ ಹುಬ್ಬು ಮ್ಯಾಲೆ ಹೋಗಿತ್ತು. ಮತ್ತ ಬಲಗಣ್ಣೂ ಹಂಗ ನೆಟ್ಟಗ ನೋಡತಿರಲಿಲ್ಲ. ಬಾಗಲಾ ಕಡಿ. ಯಾರ ಬಂದ್ರು ಅಂತ."

ನಾನು ಪಾಪೆಯನ್ನು ಸರಿಸಿದೆ. ಅದರೊಳಗಿದ್ದ ಬೆಳಕಿನ ಚೌಕವನ್ನು, ಆ ಕಪ್ಪು ಆಕೃತಿಯನ್ನು ಅಳಿಸಿದೆ. ಬಿಳಿಯ ಭಾಗಕ್ಕೆ ಸ್ವಲ್ಪ ಹಳದಿ ಬೆರೆಸಿದೆ. ಅವಳು ಹೇಳಿದ ಹಾಗೆ ಕೆಳ ರೆಪ್ಪೆಯ ತುದಿಗೆ ಒಂದಿಷ್ಟು ನೀರಿನ ಹೊಳಪು ಕೊಟ್ಟೆ. ಕಣ್ಣಷ್ಟೇ ಬದಲಿಸುತ್ತಿದ್ದೇನೆ ಅಂತ ನನ್ನ ಲೆಕ್ಕ. ಆದರೆ ಕೆನ್ನೆ, ಬಾಯಿ, ನಾನು ಮುಟ್ಟದೇ ಇದ್ದ ಜಾಗಗಳು ಒಂದೊಂದಾಗಿ ಬೇರೆಯಾಗುತ್ತ ಬಂದವು. ಇಷ್ಟು ದಿನ ಇಲ್ಲದಿದ್ದ ಒಬ್ಬ ಹೆಂಗಸು ಅಲ್ಲಿ ಬಂದು ಕೂರುತ್ತಿದ್ದಳು. ನಾನು ಜೀವಂತವಾಗಿ ಒಮ್ಮೆಯೂ ಕಾಣದವಳು. ಬಾಗಿಲ ಕಡೆ ಒಂದೇ ಕಣ್ಣು ಇಟ್ಟುಕೊಂಡು, ತಡವಾಯಿತಲ್ಲ ಅನ್ನುವ ಹಾಗೆ.

ಪಕ್ಕದ ಕುರ್ಚಿ ಕಿರ್ ಅಂದಿತು. ತಿರುಗಿ ನೋಡಿದರೆ ಅವಳು ಎದ್ದು ನಿಂತಿದ್ದಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಗೋಡೆಗೆ ಸರಿದು, ನೆಲ ನೋಡುತ್ತ. ಮುಖದಲ್ಲಿ ಹೆದರಿಕೆ ಇರಲಿಲ್ಲ.

"ಯಾಕ ಎದ್ರಿ ಅಕ್ಕಾ? ಇನ್ನಾ ಕೆಲಸ ಐತಿ, ಕುಂದರ್ರಿ."

"ಹೆಂಗ ಕುಂದ್ರಲ್ರಿ ಕುರ್ಚಿ ಮ್ಯಾಲೆ," ಅಂದಳು ಮೆಲ್ಲಗೆ, "ಅತ್ತಿ ಮುಂದ?"

ಉಳಿದ ಕೆಲಸವನ್ನೆಲ್ಲ ಅವಳು ನಿಂತೇ ಮಾಡಿಸಿದಳು. ನಾನೂ ಯಾಕೋ ಕುರ್ಚಿಯ ಮೇಲೆ ಮಡಚಿಕೊಂಡಿದ್ದ ಕಾಲನ್ನು ಕೆಳಗಿಳಿಸಿದೆ.