ಎಡಗೈಯಲ್ಲಿ ಟ್ಯಾಂಕು ಕಟ್ಟುವ ಅಕ್ಕ

ಬೆಳಗಿನ ಆರು ಗಂಟೆ. ಕಾರ್ಖಾನೆಯ ಮೇಲಂತಸ್ತಿನಲ್ಲಿ ಒಂದೇ ದೀಪ ಉರಿಯುತ್ತಿದೆ. ಕಿಟಕಿ ಪಕ್ಕದ ಮೇಜಿಗೆ ಕೂತ ಐವತ್ತೆಂಟರ ಹೆಂಗಸು ಎಡಗೈಯ ಹೆಬ್ಬೆರಳಿಗೂ ತೋರುಬೆರಳಿಗೂ ಅಂಟುಪಟ್ಟಿ ಸುತ್ತಿಕೊಳ್ಳುತ್ತಾರೆ. ಗಾಯವೇನೂ ಆಗಿಲ್ಲ. ಮುಂದಿರುವ ಡಬ್ಬಿಯಲ್ಲಿ ಬೂದು ಬಣ್ಣದ ತೊಂಬತ್ತನಾಲ್ಕು ಪ್ಲಾಸ್ಟಿಕ್ ತುಂಡುಗಳಿವೆ. ಎಲ್ಲ ಸೇರಿದರೆ ಅಂಗೈ ಮೇಲೆ ಕೂರುವಷ್ಟು ದೊಡ್ಡ ಯುದ್ಧದ ಟ್ಯಾಂಕು, ಅಂದರೆ ಅಸಲಿ ಟ್ಯಾಂಕಿನ ಎಪ್ಪತ್ತೆರಡರಲ್ಲಿ ಒಂದು ಪಾಲು. ಕತ್ತರಿಸುವುದು, ಅಂಟಿಸುವುದು ಎಲ್ಲ ಎಡಗೈಯಲ್ಲೇ. ಬಲಗೈಗೆ ತುಂಡನ್ನು ಹಿಡಿದುಕೊಳ್ಳುವಷ್ಟೇ ಅಪ್ಪಣೆ.

ಕಾರ್ಖಾನೆಯವರೆಲ್ಲ ಕರೆಯುವುದು 'ಎಡಗೈ ಅಕ್ಕ' ಎಂದು. ತಮಾಷೆಯೆಂದರೆ ಅಕ್ಕ ಎಡಚಿಯೇ ಅಲ್ಲ.

ಕೊಂಡವರು ಮನೆಯಲ್ಲಿ ಕೂಡಿಸಿಕೊಳ್ಳುವ ಇಂಥ ಡಬ್ಬಿಗೆ ಕಿಟ್ ಎಂದು ಹೆಸರು. ಹೊಸ ಕಿಟ್ಟಿನ ಅಚ್ಚಿನಿಂದ ಮೊದಲ ತುಂಡುಗಳು ಬಿದ್ದಾಗ ಅವನ್ನು ಎಲ್ಲರಿಗಿಂತ ಮುಂಚೆ ಕಟ್ಟಿ ನೋಡುವುದು ಇವರ ಕೆಲಸ. ಇವರು ಚೀಟಿಯಲ್ಲಿ 'ಆಗಬಹುದು' ಎಂದು ಬರೆದರೆ ಸಾವಿರಾರು ಡಬ್ಬಿ ಹೊರಡುತ್ತವೆ. ಬರೆಯದಿದ್ದರೆ ಅಚ್ಚು ವಾಪಸು ಹೋಗುತ್ತದೆ. ಮೂವತ್ತನಾಲ್ಕು ವರ್ಷದಲ್ಲಿ ಇನ್ನೂರ ಹತ್ತು ಕಿಟ್, ಒಂದೊಂದನ್ನೂ ಮೂರು ಸಲ ಕಟ್ಟಿದ್ದಾರೆ. ಎಂಟು ಗಂಟೆಗೆ ಕೆಳಮಹಡಿಯಲ್ಲಿ ಯಂತ್ರ ಶುರುವಾದರೆ ಮೇಜು ನಡುಗುತ್ತದೆ, ಹಾಗಾಗಿ ಸೂಕ್ಷ್ಮದ ಕೆಲಸವೆಲ್ಲ ಅದಕ್ಕೆ ಮೊದಲೇ ಮುಗಿಯಬೇಕು.

"ಡಬ್ಬಿ ಮೇಲಿನ ಚಿತ್ರ ನೋಡ್ಬೇಡಿ, ಅಲ್ಲಿ ಎಲ್ಲಾ ಟ್ಯಾಂಕೂ ಗೆಲ್ಲುತ್ತೆ," ಎನ್ನುತ್ತಾರೆ ಅಕ್ಕ, ತಮ್ಮ ಬಗ್ಗೆ ಬರೆಯಲು ಬಂದ ನನಗೆ. "ಚಕ್ರದ ಅಂಚು ಸವರಿ ನೋಡಿ. ತೆಳ್ಳಗೆ ಪೊರೆ ಸಿಕ್ಕಿದ್ರೆ ಅಚ್ಚು ಬಾಯಿ ಸರಿಯಾಗಿ ಮುಚ್ಚಿಲ್ಲ ಅಂತ. ದಪ್ಪ ಇರೋ ಕಡೆ ಗುಳಿ ಬಿದ್ದಿದ್ರೆ ಆತುರ ಪಟ್ಟಿದ್ದಾರೆ ಅಂತ. ಅಂಟು ಹಾಕೋ ಮೊದಲು ಸುಮ್ನೆ ಕೂಡಿಸಿ ನೋಡಿ. ಒಳ್ಳೆ ಕಿಟ್ ಆದ್ರೆ ಅಂಟಿಲ್ದೇನೇ ನಿಂತ್ಕೊಳ್ಳುತ್ತೆ."

ಇವರು ಇಲ್ಲಿಗೆ ಬಂದದ್ದು ಡಬ್ಬಿ ತುಂಬುವ ಕೆಲಸಕ್ಕೆ. ಹದಿನಾರು ಚಕ್ರ ಬೇಕಾದ ಟ್ಯಾಂಕಿಗೆ ಹದಿನೈದೇ ಬರುತ್ತಿವೆ ಎಂದು ಕಣ್ಣಳತೆಯಲ್ಲೇ ಹಿಡಿದ ದಿನ ಅಚ್ಚಿನ ಮೇಸ್ತ್ರಿ ಇವರನ್ನು ಮೇಲಕ್ಕೆ ಕರೆತಂದರು. ಅದಕ್ಕೆ ಆತ ಇಂದಿಗೂ ಹಣೆ ಚಚ್ಚಿಕೊಳ್ಳುತ್ತಾರೆ. "ಆಯಮ್ಮ ಮೂಗು ಮುರಿದ್ರೆ ನನಗೆ ಎರಡು ತಿಂಗಳು ಕೆಲಸ ಬಿತ್ತು ಅಂತಾನೇ ಲೆಕ್ಕ!" ಅಂಟಿನ ವಾಸನೆಯಿಂದ ಬರುವ ತಲೆನೋವು, ನಾಲ್ಕು ಸಲ ಬದಲಾದ ಕನ್ನಡಕ, ನೆಟ್ಟಗಾಗದ ಕತ್ತು ಇವೆಲ್ಲ ಅಕ್ಕನ ಸಂಪಾದನೆ. ಟೈಲರ್ ಕೆಲಸದ ಗಂಡ ನಗುತ್ತಾರೆ: "ಮನೆ ಕಪಾಟಲ್ಲಿ ನಲವತ್ತು ಟ್ಯಾಂಕ್ ಇಟ್ಕೊಂಡಿರೋಳ ಹತ್ರ ಯಾರ್ರೀ ಜಗಳ ಆಡ್ತಾರೆ?"

ಈ ಕೆಲಸಕ್ಕೆ ಒಂದು ಕಟ್ಟುನಿಟ್ಟಿನ ನಿಯಮವಿದೆ. ಬಂದ ತುಂಡನ್ನು ಬಂದ ಹಾಗೇ ಕೂಡಿಸಬೇಕು, ತಿದ್ದಬಾರದು. ಹನ್ನೊಂದು ವರ್ಷದ ಹಿಂದೆ ಅಕ್ಕ ತಪ್ಪಿದ್ದು ಅಲ್ಲಿಯೇ.

ಆ ಕಿಟ್ಟಿನಲ್ಲಿ ಚಕ್ರಗಳಿಗೆ ಸುತ್ತುವ ರಬ್ಬರಿನಂಥ ಚೈನು ಎರಡು ಮಿಲಿಮೀಟರ್ ಗಿಡ್ಡವಿತ್ತು. ಮೇಜಿನ ಮೇಲೆ ಸದಾ ಒಂದು ಲೋಟ ಬಿಸಿನೀರು ಇರುತ್ತಿದ್ದ ಕಾಲ ಅದು. ಅಕ್ಕನ ಬಲಗೈ ಚೈನನ್ನು ನೀರಿಗೆ ಅದ್ದಿತು, ಮೆತ್ತಗಾದದ್ದನ್ನು ಒಂದಿಷ್ಟು ಎಳೆಯಿತು, ಸುತ್ತಿತು. ಮನಸ್ಸಿಗೆ ಗೊತ್ತೇ ಆಗಲಿಲ್ಲ. ಮೂರು ಸಲವೂ ಹಾಗೇ ಆಯಿತು. ಚೀಟಿಯಲ್ಲಿ ಬರೆದರು: 'ಚೈನು ಸರಿಯಿದೆ. ಆಗಬಹುದು.'

"ಪಳಗಿದ ಕೈ ಸುಳ್ಳು ಹೇಳುತ್ತೆ ನೋಡಿ," ಎಂದು ಬಲಗೈಯನ್ನು ತಿರುಗಿಸಿ ತೋರಿಸುತ್ತಾರೆ. "ಅದು ತಪ್ಪನ್ನ ಮುಚ್ಚಿಹಾಕ್ತು. ನನಗೂ ಹೇಳ್ಲಿಲ್ಲ."

ದೂರುಗಳು ಬಂದವು. ದೂರು ಕೊಟ್ಟವರಿಗೆಲ್ಲ ಸರಿಯಾದ ಚೈನು ಹೋಯಿತು. ಅಲ್ಲಿಗೆ ಮುಗಿಯಿತು ಎಂದುಕೊಂಡರು. ವರ್ಷದ ಮೇಲೆ ಕಚೇರಿಯವರು ಮೆಚ್ಚುಗೆಯ ಪತ್ರಗಳನ್ನು ಆಯ್ದು ಮೆಟ್ಟಿಲ ಗೋಡೆಗೆ ಅಂಟಿಸಿದರು. ಅವುಗಳಲ್ಲಿ ಒಂದು, ನಿವೃತ್ತ ಟ್ಯಾಂಕ್ ಚಾಲಕರೊಬ್ಬರದು. ಅದರ ನಕಲು ಅಕ್ಕನ ಮೇಜಿನ ಖಾನೆಯಲ್ಲಿದೆ, ನಾನೂ ಓದಿದೆ: 'ನಿಮ್ಮ ಕಿಟ್ ಬಹಳ ಚೆನ್ನಾಗಿದೆ. ನಾನು ಓಡಿಸುತ್ತಿದ್ದ ಟ್ಯಾಂಕೇ ಇದು. ಚೈನು ಸುತ್ತಲು ಮಾತ್ರ ನನ್ನಿಂದಾಗಲಿಲ್ಲ. ಅಸಲಿ ಚೈನನ್ನು ಕೆಸರಲ್ಲಿ ನಿಂತು ಎಷ್ಟೋ ಸಲ ಹಾಕಿದ್ದೇನೆ. ವಯಸ್ಸಾಯಿತು, ಕೈ ಹೋಯಿತು ಎಂದು ಕಾಣುತ್ತದೆ. ತಪ್ಪು ನಿಮ್ಮದಲ್ಲ.'

ಮೊದಲ ಸಾಲಲ್ಲಿ ಹೊಗಳಿಕೆ ಇತ್ತಲ್ಲ, ಕಚೇರಿಯವರು ಅದನ್ನಷ್ಟೇ ಓದಿದ್ದರು. ಆತ ದೂರು ಕೊಟ್ಟಿರಲಿಲ್ಲ, ಹಾಗಾಗಿ ಆತನಿಗೆ ಚೈನೂ ಹೋಗಿರಲಿಲ್ಲ.

ಓದುತ್ತ ನನಗೂ ಕಸಿವಿಸಿಯಾಯಿತು. ನಾನೂ ಒಮ್ಮೆ ಇಂಥದೇ ಕಿಟ್ ತಂದು, ಕೂಡಿಸಲು ಬಾರದೆ, ನನ್ನ ಕೈಗೇ ಶಾಪ ಹಾಕಿ ಅಟ್ಟಕ್ಕೆಸೆದವನು.

ಆ ಪತ್ರ ಗೋಡೆಯ ಮೇಲೆ ಕಂಡ ದಿನವೇ ಅಕ್ಕ ಹೊಸ ಚೈನು ಕಳಿಸಿದರು. ಜೊತೆಗೊಂದು ಚೀಟಿ: 'ತಪ್ಪು ನಿಮ್ಮ ಕೈಯದಲ್ಲ, ನನ್ನದು.' ತಿಂಗಳಾದ ಮೇಲೆ ಆತನ ಹೆಂಡತಿಯಿಂದ ಒಂದು ಡಬ್ಬಿ ಬಂತು. ಯಜಮಾನರು ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಒಳಗೆ ಚೈನಿಲ್ಲದ ಟ್ಯಾಂಕು, ಅಕ್ಕ ಕಳಿಸಿದ ಲಕೋಟೆ ಮತ್ತು ಹೆಂಡತಿಯ ಎರಡು ಸಾಲು: 'ಇದು ನಿಮ್ಮ ಹತ್ತಿರವೇ ಇರಲಿ. ಆವತ್ತು ಕೈ ಹೋಯಿತು ಅಂದವರು, ಆಮೇಲೆ ಮನೆಯಲ್ಲಿ ಒಂದು ಮೊಳೆಯನ್ನೂ ಹೊಡೆಯಲಿಲ್ಲ.'

ಆ ಟ್ಯಾಂಕು ಕಿಟಕಿಯ ಕಟ್ಟೆಯ ಮೇಲಿದೆ. "ನೋಡಿ, ಎಷ್ಟು ನೀಟಾಗಿ ಕಟ್ಟಿದ್ದಾರೆ. ಒಂದು ಚಕ್ರ ಸೊಟ್ಟ ಇಲ್ಲ, ಎಲ್ಲೂ ಅಂಟು ಮೆತ್ತಿಲ್ಲ. ಇದು ಕೈ ಹೋದವರು ಕಟ್ಟಿದ್ದಾ?" ಚೈನು ಹಾಕಿ ಮುಗಿಸಿ ಎಂದು ಮಾಲೀಕರು ಹೇಳಿದ್ದರಂತೆ. ಇವರು ಮುಟ್ಟಿಲ್ಲ.

ಅದು ಬಂದ ದಿನವೇ ಮೇಜಿನಿಂದ ಬಿಸಿನೀರಿನ ಲೋಟ ಹೋಯಿತು, ಬಲಗೈಗೆ ರಜೆ ಸಿಕ್ಕಿತು. ಏನೂ ಬಾರದ ಎಡಗೈಗೆ ಕಷ್ಟವಾದರೆ ಕೊಂಡವರಿಗೂ ಕಷ್ಟ ಎಂಬುದು ಲೆಕ್ಕಾಚಾರ. ಆದರೆ ಹತ್ತು ವರ್ಷದಲ್ಲಿ ಎಡಗೈಯೂ ಕಲಿತುಬಿಟ್ಟಿದೆ, ಅದನ್ನು ಮತ್ತೆ ಮೊದ್ದಾಗಿಸಲೆಂದೇ ಬೆರಳಿಗೆ ಪಟ್ಟಿ. "ಇದೂ ಎಷ್ಟು ದಿನವೋ," ಎನ್ನುತ್ತಾರೆ.

ಕೆಳಗೆ ಯಂತ್ರ ಶುರುವಾಗುತ್ತದೆ. ಚೈನಿಲ್ಲದ ಟ್ಯಾಂಕು ಕಟ್ಟೆಯ ಮೇಲೆ ಸಣ್ಣಗೆ ಅದುರುತ್ತದೆ, ಅಕ್ಕ ಅದರ ಮೇಲೆ ಅಂಗೈ ಇಡುತ್ತಾರೆ. ಏನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ.

"ಒಂದೇ ಒಂದು. ಕಟ್ಟೋ ವಿಧಾನದ ಹಾಳೆ ಕೊನೇಲಿ ಒಂದು ಸಾಲು ಹಾಕಿ ಅಂತ ಪ್ರತಿ ವರ್ಷ ಕೇಳ್ತೀನಿ. 'ಕೂಡದಿದ್ದರೆ ನಿಮ್ಮ ಕೈಯನ್ನು ದೂರಬೇಡಿ, ನಮಗೆ ಬರೆಯಿರಿ' ಅಂತ. ನಮ್ಮ ಡಬ್ಬೀಲಿ ನಮ್ಮ ತಪ್ಪು ನಾವೇ ಯಾಕೆ ಅಚ್ಚು ಹಾಕ್ಬೇಕು ಅಂತಾರೆ ಮಾಲೀಕರು. ಅವರು ಹೇಳೋದೂ ಸರಿಯೇ ಇರಬಹುದು." ಪಟ್ಟಿ ಸುತ್ತಿದ ಬೆರಳಿಂದ ಒಂದು ಚಕ್ರವನ್ನು ಮೆಲ್ಲಗೆ ತಿರುಗಿಸುತ್ತಾರೆ. "ಆದ್ರೆ ಆ ಒಂದು ಸಾಲು ಇದ್ದಿದ್ರೆ, ಆ ಮನುಷ್ಯ ಇನ್ನೊಂದು ಮೊಳೆ ಹೊಡೀತಿದ್ರು."