ನಾನು ಮಾಡದ ಮೂರು ಕರೆ

ಹಳೆಯ ಇಂಗ್ಲೆಂಡಿನಲ್ಲಿ ಎಕ್ಸಿಜೆಂಟ್ ಎಂಬ ಆಜ್ಞೆ ಹೊರಟರೆ, ಆರೋಪಿಯ ಹೆಸರನ್ನು ಕೌಂಟಿಯ ನ್ಯಾಯಸಭೆ ಸೇರಿದಾಗೆಲ್ಲ ಕೂಗುತ್ತಿದ್ದರು. ಐದನೆಯ ಸಲವೂ ಅವನು ಬಾರದಿದ್ದರೆ ಮಾತ್ರ ಕಾನೂನಿನ ಆಸರೆಯಿಂದ ಹೊರಗೆ ಹಾಕುತ್ತಿದ್ದರು. ಇದನ್ನು ಓದಿ ತಿಳಿದವನೇ ನಾನು.

ಕತಾರ್ ದೇಶದ ಮೆಸಯೀದಿನ ನಮ್ಮ ಕಂಪನಿಯಲ್ಲಿ ಗೆಳೆಯ ನಿಂಗರಾಜ ವೆಲ್ಡರ್, ನಾನು ಹಾಜರಿ ಗುಮಾಸ್ತ. ಅವನು ಎಂಟು ದಿನ ಕೆಲಸಕ್ಕೆ ಬರಲಿಲ್ಲ. ‘ಎಷ್ಟು ಸಲ ಕರೆ ಮಾಡಿದಿರಿ?’ ಎಂದು ಗೈರುಹಾಜರಿಯ ಫಾರಂ ಕೇಳಿತ್ತು. ಮ್ಯಾನೇಜರ್ “ಯಲ್ಲಾ, ಯಲ್ಲಾ” ಎಂದು ಅವಸರಪಡಿಸಿದರು. ಒಮ್ಮೆಯೂ ಮಾಡದೆ ‘ಮೂರು’ ಎಂದು ಬರೆದೆ. ಅದರ ಮೇಲೆ ಕಂಪನಿ ಪೊಲೀಸರಿಗೆ ದೂರು ಕೊಟ್ಟಿತು; ನಿಂಗರಾಜ ಪರಾರಿಯೆಂದು ದಾಖಲಾದ.

ಅವನು ಹತ್ತಿರದ ಅಲ್ ವುಕೈರ್ ಊರಿನಲ್ಲಿ ಪರಿಚಯದವರ ಕೋಣೆಯಲ್ಲಿ ಜ್ವರದಿಂದ ಮಲಗಿದ್ದ. ದೂರಿನ ಸುದ್ದಿ ಕೇಳಿ, ಹಿಡಿದಾರೆಂದು ಹೆದರಿ ಆಸ್ಪತ್ರೆಗೆ ಹೋಗದೆ ಅಲ್ಲೇ ಸತ್ತ.

ಊರಿನಿಂದ ಅವನ ಹೆಂಡತಿ ರಾಜೇಶ್ವರಿ ಫೋನಿನಲ್ಲಿ ಕೇಳಿದಳು: “ಅಣ್ಣಾರ, ನೀವು ಮೂರು ಸಲ ಫೋನ್ ಹಚ್ಚಿದ್ರಂತ. ಇವ್ರು ಯಾಕ ಎತ್ತಲಿಲ್ರೀ?”

“ಜ್ವರದಾಗ ಕೇಳಿಸಿರಲಿಕ್ಕಿಲ್ಲ, ತಂಗಿ” ಎಂದೆ.